ಗಾಳಿ ನಿಂತಿದೆ

ಊರಿಗೆ ಊರೇ ಬಾಗಿಲು ಬಿಗಿದುಕೊಂಡು, ಕೊಳವೆಯಲ್ಲಿ ಬರುವ ಗಾಳಿಯನ್ನು ಉಸಿರಾಡುತ್ತ ಕೂರಬೇಕಾದ ಕಾಲ ಬಂದರೆ ಆ ಗಾಳಿಯ ಸ್ವಿಚ್ಚು ಯಾರ ಹತ್ತಿರ ಇರಬೇಕು? ಕೆಂಗಲ್ಲೂರಿನ ಜನ ಇದಕ್ಕೆ ಜಗಳವಾಡಿಯೇ ಉತ್ತರ ಕಂಡುಕೊಂಡಿದ್ದರು. ಅವರವರ ಮನೆಯದು ಅವರವರ ಹತ್ತಿರ, ಅಷ್ಟೆ.

ಕೆಂಗಲ್ಲೂರು ಗಣಿಗುಡ್ಡಗಳ ಬುಡದ ಊರು. ಅದಿರು ಮುಗಿದು, ಗಣಿಗಳು ಮುಚ್ಚಿ ಎಷ್ಟೋ ಕಾಲವಾಗಿತ್ತು. ಬಗೆದ ಗುಡ್ಡಗಳು ಮಾತ್ರ ಹಾಗೇ ಬಿದ್ದಿದ್ದವು. ಬಿಸಿಲು ಏರುವ ತಿಂಗಳುಗಳಲ್ಲಿ ಗಾಳಿ ಎದ್ದಿತೆಂದರೆ ಆ ಗುಡ್ಡಗಳ ಹಿಟ್ಟಿನಂಥ ಕೆಂಪು ಧೂಳು ಊರ ಮೇಲೆ ಬಂದು ಕೂರುತ್ತಿತ್ತು. ಜನ ಅದನ್ನು ಕೆಂದೂಳಿ ಎಂದು ಕರೆದರು. ಮೊದಮೊದಲು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಓಡಾಡಿದವರೆಲ್ಲ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ ಮೇಲೆ ನಗರಸಭೆ ಎಚ್ಚೆತ್ತು ಗಾಳಿಮನೆ ಕಟ್ಟಿಸಿತು. ಒಳ್ಳೆಯ ದಿನಗಳಲ್ಲಿ ಸೋಸಿದ ಗಾಳಿಯನ್ನು ದೊಡ್ಡ ತೊಟ್ಟಿಗಳಲ್ಲಿ ಅದುಮಿ ತುಂಬಿಡುವುದು, ಕೆಂದೂಳಿ ಬಂದಾಗ ಅದನ್ನು ನೆಲದಡಿಯ ಕೊಳವೆಗಳಲ್ಲಿ ಮನೆಮನೆಗೆ ಹರಿಸುವುದು ಅದರ ಕೆಲಸ. ಪ್ರತಿ ಮನೆಯಲ್ಲೂ ಒಂದು ಗಾಳಿಕೋಣೆ ಇತ್ತು. ನಾಲ್ಕು ಜನ ಮೊಣಕಾಲು ಮಡಚಿ ಕೂರುವಷ್ಟು ಜಾಗ, ರಬ್ಬರಿನ ಅಂಚುಳ್ಳ ಬಾಗಿಲು, ಗಾಜು ಜಡಿದ ಒಂದು ಪುಟ್ಟ ಕಿಟಕಿ, ಗೋಡೆಗೆ ಸ್ಲೇಟಿನಂಥ, ಮುಟ್ಟಿದರೆ ಕೆಲಸ ಮಾಡುವ ಒಂದು ಹಲಗೆ. ಧೂಳು ಏಳುತ್ತಲೇ ಮನೆಮಂದಿ ಒಳಗೆ ಸೇರಿ ಬಾಗಿಲು ಬಿಗಿದು, ಹಲಗೆಯ ಸ್ವಿಚ್ಚು ಹಾಕಿದರೆ ಕೊಳವೆಯ ತುದಿಯನ್ನು ಮುಚ್ಚಿದ್ದ ರೆಕ್ಕೆ ತೆರೆದು ಮೇಲಿನ ಜಾಲರಿಯಿಂದ ಗಾಳಿ ಸದ್ದಿಲ್ಲದೆ ಇಳಿಯುತ್ತಿತ್ತು.

ಗಾಳಿಮನೆಯಲ್ಲಿ ಕೂತವರಿಗೆ ಯಾವ ಓಣಿ ಎಷ್ಟು ಗಾಳಿ ಎಳೆಯುತ್ತಿದೆ ಎನ್ನುವುದಷ್ಟೇ ಕಾಣುತ್ತಿತ್ತು. ಯಾವ ಮನೆಯಲ್ಲಿ ಸ್ವಿಚ್ಚು ಹಾಕಿದ್ದಾರೆ, ಯಾವ ಮನೆಯಲ್ಲಿ ಇಲ್ಲ ಎನ್ನುವುದು ಕಾಣುತ್ತಿರಲಿಲ್ಲ. ಅಲ್ಲಿಂದ ಯಾರ ಮನೆಯ ಗಾಳಿಯನ್ನೂ ಬಿಡುವಂತಿರಲಿಲ್ಲ, ನಿಲ್ಲಿಸುವಂತಿರಲಿಲ್ಲ. ಇದಕ್ಕೆ ಕಾರಣವಿತ್ತು. ಹಿಂದೊಮ್ಮೆ ಗಾಳಿಮನೆಯ ಜರಡಿ ತೊಳೆಯುವ ಹೆಂಗಸರು ಮುಷ್ಕರ ಹೂಡಿದಾಗ ಆಗಿನ ಪುಣ್ಯಾತ್ಮ ಅಧ್ಯಕ್ಷರು ಅವರಿದ್ದ ಓಣಿಯ ಗಾಳಿಯನ್ನೇ ನಿಲ್ಲಿಸಿಬಿಟ್ಟಿದ್ದರು. ಆ ಮೇಲೆ ನಡೆದ ಗಲಾಟೆಯಲ್ಲಿ ಅಧ್ಯಕ್ಷರ ಕುರ್ಚಿಯೂ ಹೋಯಿತು, ಗಾಳಿಮನೆಯ ಆ ಅಧಿಕಾರವೂ ಹೋಯಿತು.

ತುಂಗಾಳ ಕೆಲಸ ಆ ಹಲಗೆಗೆ ಸಂಬಂಧಿಸಿದ್ದು. ಹಲಗೆಯಲ್ಲಿ ತೆರೆದುಕೊಳ್ಳುವುದು ಒಂದು ವೆಬ್ ಪುಟ. ಅದು ಗಾಳಿಮನೆಯ ಸರ್ವರಿನಿಂದ ಬರುತ್ತಿತ್ತು, ಅದನ್ನು ಬರೆಯುವವಳು ತುಂಗಾ. ಪುಟದಲ್ಲಿ ಇದ್ದದ್ದೇ ಒಂದು ಸ್ವಿಚ್ಚಿನ ಚಿತ್ರ. ಇಷ್ಟಕ್ಕೆ ಸಂಬಳ ಕೊಟ್ಟು ಒಬ್ಬಳನ್ನು ಇಟ್ಟುಕೊಂಡಿದ್ದಾರಲ್ಲ ಎಂದು ಅವಳ ಅತ್ತೆ ಹಂಪಮ್ಮನವರಿಗೆ ಬೆರಗೋ ಬೆರಗು. "ಒಂದು ಗುಂಡಿ ಬರ್ಯಾಕ ದಿನಾ ಡಬ್ಬಿ ಕಟ್ಕೊಂಡು ಹೋಗ್ತೀಯಲ್ಲವಾ" ಎಂದು ಆಡಿಕೊಳ್ಳುವರು.

ಹಂಪಮ್ಮನವರಿಗೆ ಕಣ್ಣಿನ ಒತ್ತಡದ ರೋಗದಿಂದ ನಡುವಯಸ್ಸಿನಲ್ಲೇ ದೃಷ್ಟಿ ಹೋಗಿತ್ತು. ಬಾಯಿಯ ಹರಿತ ಮಾತ್ರ ಒಂದಿಷ್ಟೂ ಕುಂದಿರಲಿಲ್ಲ. ಅವರ ಮಗ, ತುಂಗಾಳ ಗಂಡ, ಗೂಡ್ಸ್ ರೈಲು ನಡೆಸುವವನು. ಮನೆಯಲ್ಲಿ ಇದ್ದದ್ದಕ್ಕಿಂತ ಹಳಿಯ ಮೇಲೆ ಇದ್ದದ್ದೇ ಹೆಚ್ಚು. ಹೀಗಾಗಿ ತುಂಗಾ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ಹಂಪಮ್ಮನವರೊಬ್ಬರೇ. ಕೆಂದೂಳಿ ಬಂದಾಗ ಪಕ್ಕದ ಮನೆಯ ಮಾಳವ್ವ ಓಡಿಬಂದು ಜೊತೆಗೆ ಕೂರುತ್ತಿದ್ದಳು, ಸ್ವಿಚ್ಚನ್ನೂ ಅವಳೇ ಹಾಕುತ್ತಿದ್ದಳು. ಯಾಕೆಂದರೆ ಹಳೆಯ ಪುಟದಲ್ಲಿ ಇದ್ದದ್ದು ಬರೀ ಬಣ್ಣ. ಹಸಿರಾದರೆ ಗಾಳಿ ಬರುತ್ತಿದೆ, ಬೂದಿಯಾದರೆ ಇಲ್ಲ. ಕಣ್ಣಿಲ್ಲದವರ ಪಾಲಿಗೆ ಅದು ನುಣ್ಣನೆಯ ಗಾಜು. ನನ್ನ ಮನೆಯ ಗಾಳಿಗೆ ನೆರೆಮನೆಯವಳನ್ನು ಕಾಯಬೇಕಲ್ಲ ಎಂಬ ಸಂಕಟ ಹಂಪಮ್ಮನವರನ್ನು ಒಳಗೊಳಗೇ ತಿನ್ನುತ್ತಿತ್ತು. ಅದನ್ನು ಅವರು ಸೊಸೆಯ ಮೇಲೆ ರೇಗಿ ತೀರಿಸಿಕೊಳ್ಳುತ್ತಿದ್ದರು.

ಆ ವರ್ಷ ಹೊಸ ಹಲಗೆಗಳು ಬಂದವು. ಅವುಗಳ ಮೈ ಬೇಕಾದಲ್ಲಿ ಉಬ್ಬಿ, ಬೇಕಾದಲ್ಲಿ ತಗ್ಗಬಲ್ಲದು. ತುಂಗಾಳಿಗೆ ಮೊದಲು ನೆನಪಾದದ್ದೇ ಅತ್ತೆ. ಕೈಗೆ ಸಿಗುವ ಸ್ವಿಚ್ಚನ್ನು ಹಗಲಿಡೀ ಕೂತು ಬರೆದಳು. ಹಲಗೆ ಕಿರಿದಾಗಿ ಉದ್ದಕ್ಕಿದ್ದದ್ದರಿಂದ ನಿಲುವಾದ ಒಂದು ತೋಡು, ಅದರಲ್ಲಿ ಮೇಲೆ ಕೆಳಗೆ ಜಾರುವ ಉಬ್ಬಿದ ಗುಂಡಿ. ಗುಂಡಿ ಮೇಲಿದ್ದರೆ ಗಾಳಿ ಬರುತ್ತಿದೆ ಎಂದು, ಕೆಳಗಿದ್ದರೆ ನಿಂತಿದೆ ಎಂದು. ದೇಶವಿದೇಶಗಳಲ್ಲಿ ಎಲ್ಲರೂ ಬಳಸುವ ಸಿದ್ಧ ಮಾದರಿಯಲ್ಲಿ ಹಾಗೇ ಇತ್ತು, ಅವಳೂ ಹಾಗೇ ಇಟ್ಟಳು. ಬಣ್ಣಗಳು ಮೊದಲಿನವೇ. ಸ್ವಿಚ್ಚು ಸರಿಸಿದಾಗ ಹಲಗೆ "ಬದಲಾಗಿದೆ" ಎಂದು ಮಾತಾಡುವಂತೆಯೂ ಮಾಡಿದಳು.

ಹೊಸ ಪುಟ ಬಂದ ಬೆಳಿಗ್ಗೆ ಅತ್ತೆಯ ಕೈಹಿಡಿದು ಹಲಗೆಯ ಮೇಲಿಟ್ಟಳು. ಹಂಪಮ್ಮನವರ ಬೆರಳು ತೋಡಿನುದ್ದಕ್ಕೂ ಹರಿದಾಡಿ, ಗುಂಡಿ ಸಿಕ್ಕಿದೊಡನೆ ನಿಂತಿತು. ಮುಖ ಅರಳಿತು. ಅದನ್ನು ಸೊಸೆಗೆ ತೋರಿಸಿಕೊಳ್ಳುವುದೇ ಎಂದು ಕೂಡಲೇ ಬಿಗಿದುಕೊಂಡರು.

"ಗುಂಡಿ ಸಣ್ಣದಾತು" ಎಂದರು. ಒತ್ತಿ ಸರಿಸಿದರು.

"ಬದಲಾಗಿದೆ" ಎಂದಿತು ಹಲಗೆ.

"ಏನು ಬದಲಾತು?"

"ಗುಂಡಿ ಮುಟ್ಟಿ ನೋಡ್ರಿ ಅತ್ತೀ, ತಿಳೀತೈತಿ. ನನಗ ಡ್ಯೂಟಿಗೆ ಹೊತ್ತಾತು" ಎಂದು ತುಂಗಾ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಕೆಂದೂಳಿ ಇಲ್ಲದ ದಿನ ಕೊಳವೆಯಲ್ಲಿ ಗಾಳಿ ಇರುವುದಿಲ್ಲ. ಹಾಕಿ ತೋರಿಸೋಣವೆಂದರೂ ಆಗುತ್ತಿರಲಿಲ್ಲ. ಇದರಲ್ಲಿ ಹೇಳಿಕೊಡುವಂಥದ್ದೇನಿದೆ ಎಂದೂ ಅವಳಿಗೆ ಅನ್ನಿಸಿತ್ತು.

ಮೊದಲ ಕೆಂದೂಳಿ ಒಂದು ಮಧ್ಯಾಹ್ನ ಎದ್ದಿತು. ಗಾಳಿಮನೆಯ ಕಿಟಕಿಯಾಚೆ ಗುಡ್ಡ ಮಾಯವಾಯಿತು, ಆಮೇಲೆ ನೀರಿನ ಟ್ಯಾಂಕು, ಆಮೇಲೆ ಎದುರಿನ ಬೇವಿನ ಮರ. ಪಂಪುಗಳು ಗುಡುಗಿದವು. ಊರ ಕರೆಂಟೆಲ್ಲ ಪಂಪಿಗೆ ಬೇಕಾದ್ದರಿಂದ ಮನೆಗಳ ದೀಪಗಳು ಆರಿದವು. ಅದೇ ಕಾರಣಕ್ಕೆ ಹೊಸ ಹಲಗೆಗಳನ್ನು ಕಾಗದದ ಹಾಗೆ ಕಿಟಕಿಯ ಬೆಳಕಿನಲ್ಲೇ ಓದುವಂತೆ ಮಾಡಿದ್ದರು. ಅವು ತಾವಾಗಿ ಹೊಳೆಯುತ್ತಿರಲಿಲ್ಲ.

ದೊಡ್ಡ ಬೋರ್ಡಿನ ಮೇಲೆ ಒಂದೊಂದು ಓಣಿ ಎಳೆಯುವ ಗಾಳಿಯನ್ನು ತೋರಿಸುವ ಪಟ್ಟಿಗಳು ಒಂದೊಂದಾಗಿ ಮೇಲೇರತೊಡಗಿದವು. ತುಂಗಾಳ ಕಣ್ಣು ತನ್ನ ಕಮ್ಮಾರ ಓಣಿಯ ಪಟ್ಟಿಯ ಮೇಲಿತ್ತು. ಅದು ಅರ್ಧಕ್ಕೇರಿ ಅಲ್ಲೇ ನಿಂತಿತು.

"ಸರ್, ಕಮ್ಮಾರ ಓಣಿ ಭಾಳ ಕಮ್ಮಿ ಎಳ್ಯಾಕತ್ತೈತಿ" ಎಂದಳು.

ಪಾಳಿಯ ಮುಖ್ಯಸ್ಥ ಜಂಬುನಾಥ ನಿಧಾನದ ಮನುಷ್ಯ. ಮಜ್ಜಿಗೆ ಕುಡಿಯುವಾಗಲೂ ಎರಡು ಸಲ ಯೋಚಿಸುವವನು. ಕನ್ನಡಕ ಏರಿಸಿ ನೋಡಿದ. "ಲಗ್ನಕ್ಕ ಹೋಗಿರ್ತಾರಮ್ಮ ಮಂದಿ. ಈಗ ಸೀಸನ್ ಅಲ್ಲಾ?"

"ಅರ್ಧ ಓಣಿನ?"

ಇನ್ನೆರಡು ಓಣಿಗಳೂ ಹಾಗೇ ಇದ್ದವು. ತುಂಗಾ ಮನೆಗೆ ಫೋನ್ ಮಾಡಿದಳು. ತುಂಬ ಹೊತ್ತು ಗಂಟೆಯಾದ ಮೇಲೆ ಅತ್ತೆ ಎತ್ತಿದರು.

"ಅತ್ತೀ, ಗಾಳಿ ಬಿಟ್ಕೊಂಡೀರೇನ್ರಿ?"

"ಬಿಟ್ಕೊಂಡೀನವಾ. ನಾನ ಹಾಕೀನಿ ಸ್ವಿಚ್ಚು. ನೀ ಕಾಳಜಿ ಮಾಡಬ್ಯಾಡ ಕೂಸೇ. ಪಾಪ, ಎಷ್ಟ್ ದುಡೀತೀ ನೀನು."

ತುಂಗಾ ಫೋನನ್ನು ಕಿವಿಗೆ ಒತ್ತಿಕೊಂಡಳು. ಸೊಸೆಯಾಗಿ ಬಂದಂದಿನಿಂದ ಹಂಪಮ್ಮನವರು ಅವಳನ್ನು ಕೂಸೇ ಎಂದದ್ದಿಲ್ಲ, ಪಾಪ ಎಂದದ್ದಂತೂ ಇಲ್ಲವೇ ಇಲ್ಲ. ಆ ದನಿ ಮೆತ್ತಗಿತ್ತು. ಅಮಲೇರಿದವರ ಹಾಗೆ ಎಳೆದೆಳೆದು ಬರುತ್ತಿತ್ತು. ಬಿಗಿದ ಕೋಣೆಯಲ್ಲಿ ಉಸಿರಾಡಿದ್ದೇ ಗಾಳಿಯನ್ನು ಮತ್ತೆ ಮತ್ತೆ ಉಸಿರಾಡಿದರೆ ಮೊದಲು ತಲೆ ಭಾರವಾಗುತ್ತದೆ, ಆಮೇಲೆ ಬುದ್ಧಿ ಮಂಕಾಗುತ್ತದೆ, ಆಮೇಲೆ ನಿದ್ದೆ ಬರುತ್ತದೆ. ಗಾಳಿಮನೆಗೆ ಸೇರಿದ ಮೊದಲ ವಾರ ಎಲ್ಲರಿಗೂ ಕಲಿಸುವ ಪಾಠ ಅದು.

"ಮಾಳವ್ವ ಎಲ್ಲಿದ್ದಾಳ್ರಿ?"

"ಇಲ್ಲೇ ಮಲಗ್ಯಾಳ. ನಿದ್ದಿ ಬಂತಂತ. ನನಗೂ ಕಣ್ಣು ಎಳ್ಯಾಕತ್ತಾವು."

"ಅತ್ತೀ, ಮಲಗಬ್ಯಾಡ್ರಿ! ಹಲಗಿ ಮುಟ್ಟ್ರಿ. ಗುಂಡಿ ಎಲ್ಲೈತಿ ಹೇಳ್ರಿ."

"ಕೆಳಗೈತಿ. ಚೆಂದಗ ಕೆಳಗ ಒತ್ತೀನಿ. ಮಾಳವ್ವನೂ ನೋಡಿ, ಬರೋಬ್ಬರಿ ಐತಿ ಅಂದ್ಲು."

ತುಂಗಾಳಿಗೆ ಎಲ್ಲವೂ ಒಂದೇ ಸಲಕ್ಕೆ ಹೊಳೆಯಿತು. ಕೆಂಗಲ್ಲೂರಿನ ಯಾವ ಮನೆಗೇ ಹೋಗಿ, ಗೋಡೆಯ ಸ್ವಿಚ್ಚನ್ನು ಕೆಳಕ್ಕೆ ಒತ್ತಿದರೆ ದೀಪ ಹತ್ತುತ್ತದೆ, ಮೇಲಕ್ಕೆ ಒತ್ತಿದರೆ ಆರುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ, ಕೈಗೇ ಗೊತ್ತು. ತುಂಗಾಳ ಕೈಗೂ ಗೊತ್ತಿತ್ತು. ಬೆಳಿಗ್ಗೆ ಅಡಿಗೆಮನೆಯ ದೀಪವನ್ನು ಅವಳೂ ಕೆಳಕ್ಕೇ ಒತ್ತಿ ಬಂದಿದ್ದಳು. ಪುಟ ಬರೆಯಲು ಕೂತಾಗ ಮಾತ್ರ ಕೈಯನ್ನು ಕೇಳದೆ ಮಾದರಿಯನ್ನು ಕೇಳಿದ್ದಳು.

ಹಾಗಾದರೆ ಕಣ್ಣಿದ್ದ ಮಾಳವ್ವ? ತುಂಗಾ ಕಿಟಕಿಯತ್ತ ತಿರುಗಿದಳು. ಹೊರಗೆ ಎಲ್ಲೆಲ್ಲೂ ಕೆಂಪು ಬೆಳಕು. ಧೂಳಿನಲ್ಲಿ ಸೋಸಿ ಬಂದ ಆ ಬೆಳಕಿನಲ್ಲಿ ಮೇಜಿನ ಮೇಲಿದ್ದ ಹಸಿರು ನೀರಿನ ಬಾಟಲಿ ಕಪ್ಪುಬೂದಿಯಾಗಿ ಕಾಣುತ್ತಿತ್ತು. ಕೆಂದೂಳಿಯಲ್ಲಿ ಹಸಿರೂ ಬೂದಿಯೇ, ಬೂದಿಯೂ ಬೂದಿಯೇ. ಹಳೆಯ ಸಣ್ಣ ಹಲಗೆಗೆ ತನ್ನದೇ ಪುಟ್ಟ ದೀಪವಿತ್ತು, ಆಗ ಬಣ್ಣ ತಿಳಿಯುತ್ತಿತ್ತು. ಹೊಸ ಹಲಗೆಗೆ ಅದಿಲ್ಲ. ಇವತ್ತು ಊರಿನಲ್ಲಿ ಕಣ್ಣಿದ್ದ ಎಷ್ಟೋ ಮಂದಿಯೂ ಕೈಯನ್ನೇ ನಂಬಿದ್ದಾರೆ. ಅವರ ಕೈ ಗುಂಡಿಯನ್ನು ಕೆಳಕ್ಕೆ ಒತ್ತಿದೆ, ಇಲ್ಲವೇ ಕೆಳಗೇ ಇದ್ದದ್ದನ್ನು ಮುಟ್ಟಿ ಸರಿಯಾಗಿದೆ ಎಂದುಕೊಂಡಿದೆ. ಏನಾಯಿತು ಎಂದು ಹಲಗೆಯನ್ನು ಕೇಳಿದರೆ ಅದು "ಬದಲಾಗಿದೆ" ಎಂದಿದೆ.

"ಅತ್ತೀ, ಮ್ಯಾಲೆ ತಳ್ಳ್ರಿ! ಗುಂಡಿ ಮ್ಯಾಲೆ ತಳ್ಳ್ರಿ!"

"ಮ್ಯಾಲ್ಯಾಕ? ಮ್ಯಾಲೆ ತಳ್ಳಿದ್ರ ನಿಂತು ಹೋಗ್ತೈತಲ್ಲವಾ. ಅಷ್ಟೂ ತಿಳೀದೇನು ನನಗ" ಎಂದು ಹಂಪಮ್ಮನವರು ಮೆಲ್ಲಗೆ ನಕ್ಕರು. ಫೋನು ಎಲ್ಲೋ ಜಾರಿ ಬಿದ್ದ ಸದ್ದಾಯಿತು. ತುಂಗಾ ಕೂಗಿದಳು, ಮತ್ತೆ ಕೂಗಿದಳು. ಆ ಕಡೆಯಿಂದ ಹೊರಗಿನ ಬಿರುಗಾಳಿಯ ಮೊರೆತವಷ್ಟೇ ಬಂತು.

ಹೊರಗೆ ಹೆಜ್ಜೆಯಿಡುವಂತಿರಲಿಲ್ಲ. ಮನೆ ಮುಟ್ಟುವ ಮೊದಲೇ ಉಸಿರು ಕಟ್ಟಿ ಬೀಳುತ್ತಿದ್ದಳು. ಧ್ವನಿವರ್ಧಕದಲ್ಲಿ ಕೂಗಿಸಿದರೆ ಆ ಗಾಳಿಯಲ್ಲಿ ಯಾರಿಗೂ ಕೇಳುವುದಿಲ್ಲ. ಒಂದೊಂದೇ ಮನೆಗೆ ಫೋನ್ ಮಾಡುತ್ತ ಕೂತರೆ ಅಷ್ಟರಲ್ಲಿ ಎಲ್ಲರೂ ಮಲಗಿರುತ್ತಾರೆ. ಉಳಿದಿದ್ದ ಒಂದೇ ದಾರಿ ಸರ್ವರಿನಿಂದ ಹಲಗೆಗೆ ಹೋಗುವ ದಾರಿ.

"ಸರ್, ನಾನು ಪುಟ ಬದಲಿಸ್ತೀನಿ. ಈಗಲೇ."

ಜಂಬುನಾಥ ಬೆಚ್ಚಿಬಿದ್ದ. "ಕೆಂದೂಳಿ ನಡುವ? ಹುಚ್ಚಾಗೀಯೇನು? ಕೆಂದೂಳಿ ಇದ್ದಾಗ ಪುಟ ಮುಟ್ಟಬಾರದು ಅಂತ ರೂಲ್ಸ್ ಮಾಡಿಸಿದಾಕೀನೂ ನೀನ!"

"ಹೌದು ಸರ್, ನಾನ. ಗುಂಡಿ ತಿರುಗಿಸಿ ಬಿಡ್ತೀನಿ. ಕೆಳಗಿದ್ರ ಗಾಳಿ ಬರೋ ಹಂಗ."

"ತಡಿ, ತಡಿ" ಎಂದು ಜಂಬುನಾಥ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಅವನ ನಿಧಾನ ತುಂಗಾಳಿಗೆ ಮೈ ಉರಿಸುತ್ತಿತ್ತು. ಆದರೆ ಅವನು ಆಡಿದ್ದು ಸರಿಯಾದ ಮಾತು. "ಅರ್ಧ ಊರು ಸರಿಯಾಗಿ ಮ್ಯಾಲೆ ತಳ್ಳಿ ಕುಂತೈತಿ. ನೀ ಈಗ ತಿರುವಿದ್ರ ಅವರ ಗುಂಡಿ ಕೆಳಗೆ ಬರ್ತೈತಿ. ಅಯ್ಯೋ ನಿಂತು ಹೋತಲ್ಲ ಅಂತ ಅವರು ಮತ್ತ ಮ್ಯಾಲೆ ತಳ್ಳಿದ್ರ? ಇವರನ್ನ ಉಳಿಸಾಕ ಹೋಗಿ ಅವರನ್ನ ಸಾಯಿಸ್ತೀ."

ತುಂಗಾಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅತ್ತೆ ಮಲಗಿಬಿಟ್ಟರೇನೋ ಎಂಬ ಯೋಚನೆ ಬಂತು. ಆ ಯೋಚನೆಯನ್ನು ಬದಿಗೆ ತಳ್ಳಿದಳು. ಮೇಲೆ ಕೆಳಗೆ ಎಂಬ ಗೊಂದಲವೇ ಬೇಡ, ಗುಂಡಿ ಎಲ್ಲಿದ್ದರೂ ಇರಲಿ. ಒಳಗೆ ಕೂತವರಿಗೆ ಬೇಕಾದದ್ದು ಒಂದೇ ಮಾತು: ಗಾಳಿ ಬರುತ್ತಿದೆಯೋ ಇಲ್ಲವೋ. ಕೊಳವೆಯ ರೆಕ್ಕೆ ತಾನು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಹಲಗೆಗೆ ತಿಳಿಸುತ್ತಲೇ ಇರುತ್ತದೆ. ಆ ಸುದ್ದಿ ಮನೆಯ ಗೋಡೆ ದಾಟಿ ಹೊರಗೆ ಬರುವಂತಿಲ್ಲ. ಒಳಗಿನವರಿಗೆ ಹೇಳಬಾರದು ಎಂದು ಯಾರೂ ಹೇಳಿಲ್ಲ. ಇಷ್ಟು ದಿನ ಪುಟ ಅದನ್ನು ಕೇಳಿಸಿಕೊಂಡು ಸುಮ್ಮನಿತ್ತು.

"ಸರ್, ಚಿತ್ರ ಮುಟ್ಟೋದಿಲ್ಲ. ಮಾತು ಅಷ್ಟೇ ಹಾಕ್ತೀನಿ. ರೆಕ್ಕಿ ಮುಚ್ಚಿದ್ರ ಹಲಗಿ ಒದರಬೇಕು. ಯಾರೂ ಮುಟ್ಟದೇನ ಒದರಬೇಕು. ತೆರೆಯೋತನಕ ಬಿಡಬಾರದು."

"ಹಲಗಿ ದನಿ ಎಲ್ಲಿಂದ ತರ್ತೀ? ಅದಕ್ಕ ಬರೋದು 'ಬದಲಾಗಿದೆ' ಒಂದ."

"ನನ್ನ ದನಿ ಐತಲ್ರಿ."

ಜಂಬುನಾಥ ಬೋರ್ಡಿನ ಕಡೆ ನೋಡಿದ. ಮೂರೂ ಪಟ್ಟಿಗಳು ಅಲುಗದೆ ನಿಂತಿದ್ದವು. "ಮಾಡು" ಎಂದ. "ಏನಾರ ಆದ್ರ ನಾ ಹೇಳಿದೆ ಅಂತ ಹೇಳು."

ತುಂಗಾ ಮೈಕಿನ ಮುಂದೆ ಬಾಗಿ "ಗಾಳಿ ನಿಂತಿದೆ" ಎಂದಳು. ದನಿ ನಡುಗಿತು. ಅಳಿಸಿ, ಮತ್ತೆ ಹೇಳಿದಳು. ಆಮೇಲೆ "ಗಾಳಿ ಬರುತ್ತಿದೆ" ಎಂದು ಹೇಳಿದಳು. ಮೊದಲನೆಯದನ್ನು ರೆಕ್ಕೆ ಮುಚ್ಚಿದ ಸ್ಥಿತಿಗೆ, ಎರಡನೆಯದನ್ನು ತೆರೆದ ಸ್ಥಿತಿಗೆ ಕಟ್ಟಿದಳು. ಜಂಬುನಾಥ ಪ್ರತಿಯೊಂದು ಸಾಲನ್ನೂ ಹಿಂದಿನಿಂದ ಗಟ್ಟಿಯಾಗಿ ಓದಿ ತಾಳೆ ನೋಡಿದ. ಗಾಳಿಮನೆಯ ಗೋಡೆಯಲ್ಲೇ ಇದ್ದ ಒಂದು ಹಲಗೆಗೆ ಮೊದಲು ಕಳಿಸಿ ನೋಡಿದರು. ಅದು ತುಂಗಾಳ ದನಿಯಲ್ಲಿ "ಗಾಳಿ ನಿಂತಿದೆ" ಎಂದು ಕಿರುಚಿತು. ಸ್ವಿಚ್ಚು ಸರಿಸಿದಾಗ "ಗಾಳಿ ಬರುತ್ತಿದೆ" ಎಂದು ಸುಮ್ಮನಾಯಿತು. ಊರಿಗೆಲ್ಲ ಬಿಟ್ಟರು.

ಒಂದಿಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಓಣಿಯ ಪಟ್ಟಿ ತುಸು ಏರಿತು. ಅದರ ಹಿಂದೆಯೇ ಇನ್ನೊಂದು. ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದ ಓಣಿಗಳಲ್ಲೂ ಪಟ್ಟಿ ಏರಿತು. ಅಂದರೆ ಅಲ್ಲೂ ಯಾರೋ ಉಸಿರುಗಟ್ಟಿ ಕೂತಿದ್ದರು. ಕಮ್ಮಾರ ಓಣಿ ಕುಂಟುತ್ತ ಕುಂಟುತ್ತ ಮೇಲೇರಿತು. ಜಂಬುನಾಥ ದೊಪ್ಪನೆ ಕುರ್ಚಿಯಲ್ಲಿ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಎದ್ದರಮ್ಮ, ಮಂದಿ ಎದ್ದರು" ಎಂದು ಮತ್ತೆ ಮತ್ತೆ ಹೇಳಿದ.

ಓಣಿ ಏರಿತು, ನಿಜ. ಆದರೆ ಓಣಿಯೊಳಗೆ ತನ್ನ ಮನೆ ಏರಿತೋ ಇಲ್ಲವೋ? ಬೋರ್ಡು ಅದನ್ನು ಹೇಳುವುದಿಲ್ಲ. ತುಂಗಾ ಫೋನ್ ಹಿಡಿದು ಕೂತಳು. ಮಾಡಿದರೆ ಎತ್ತದಿದ್ದರೇನು ಗತಿ ಎಂಬ ಭಯಕ್ಕೆ ಮಾಡಲೂ ಆಗಲಿಲ್ಲ. ಅಷ್ಟರಲ್ಲಿ ಅದೇ ಗಂಟೆ ಬಾರಿಸಿತು.

"ಏನ್ ನಡಿಸೀಯವಾ ನೀನು?" ಹಂಪಮ್ಮನವರ ದನಿ ಕಿವಿಗೆ ಇರಿಯಿತು. "ಗ್ವಾಡ್ಯಾಗ ಕುಂತು ನಿಂತೈತಿ ನಿಂತೈತಿ ಅಂತ ಒದರಾಕತ್ತೀಯಲ್ಲ, ಮನಿ ಸೊಸಿ ಅನ್ನಾಕಿ ಹಿಂಗೇನು ಒದರೋದು? ಓಣಿ ಮಂದಿಯೆಲ್ಲಾ ಕೇಳ್ಯಾರ! ಇಲ್ಲಿ ಮಾಳವ್ವ ವಾಂತಿ ಮಾಡ್ಕೊಂಡು ತಲಿ ಹಿಡ್ಕೊಂಡು ಕುಂತಾಳ. ಯಾರು ಬಳೀಬೇಕು ಇದನ್ನ?"

"ನಾ ಬಳೀತೀನ್ರಿ ಅತ್ತೀ" ಎಂದಳು ತುಂಗಾ. "ನಾ ಬಂದು ಬಳೀತೀನಿ. ಇನ್ನಾ ಬೈರಿ." ಅಷ್ಟು ಹೇಳಿ, ಮೇಜಿನ ಮೇಲೆ ತಲೆಯಿಟ್ಟು ಗಳಗಳನೆ ಅತ್ತುಬಿಟ್ಟಳು. ಅಳುತ್ತಿದ್ದವಳಿಗೆ ನಡುನಡುವೆ ನಗುವೂ ಬಂತು. ಎದೆಯ ಮೇಲಿಂದ ಬಂಡೆ ಇಳಿದ ಹಾಗಾಗಿತ್ತು.

ಸಂಜೆ ಧೂಳು ಕೂತ ಮೇಲೆ ಮನೆಗೆ ಓಡಿದಳು. ಗಾಳಿಕೋಣೆಯನ್ನು ಮಾಳವ್ವನೇ ಬಳಿದಾಗಿತ್ತು. ಮೂವರೂ ಅಂಗಳದ ಕಟ್ಟೆಯಲ್ಲಿ ಕೂತು ಚಹಾ ಕುಡಿದರು. ಹಂಪಮ್ಮನವರು ಆದದ್ದನ್ನು ಗತ್ತಿನಿಂದ ಹೇಳಿದರು.

"ಮಲಗಿಬಿಟ್ಟಿದ್ದೆ. ಕನಸಿನಾಗ ನಿನ್ನ ದನಿ ಕೇಳ್ದಂಗಾತು. ಕನಸಿನಾಗೂ ಬಿಡವಲ್ಲಳಲ್ಲ ಈಕಿ ಅಂತ ಸಿಟ್ಟು ಬಂತು. ಸಿಟ್ಟಿಗೆ ಎಚ್ಚರಾತು ನೋಡು. ಎದ್ದು ಬಾಯಿ ಮುಚ್ಚಸಬೇಕು ಅಂತ ಗುಂಡಿ ಮ್ಯಾಲೆ ತಳ್ಳಿದೆ. ಗಾಳಿ ಬರುತ್ತಿದೆ ಅಂತು. ಕೆಳಗ ಎಳದೆ, ನಿಂತಿದೆ ಅಂತು. ಮತ್ತ ಮ್ಯಾಲೆ ತಳ್ಳಿದೆ, ಬರುತ್ತಿದೆ ಅಂತು. ಆಗ ತಿಳೀತು. ಅಲ್ಲವಾ, ಮ್ಯಾಲೆ ತಳ್ಳಿದ್ರ ಹತ್ತೋದು ಯಾವ ದೇಶದ ಪದ್ಧತಿ?"

"ನನ್ನ ತಪ್ಪ್ರಿ ಅತ್ತೀ."

"ತಪ್ಪು ಹೌದು." ಹಂಪಮ್ಮನವರು ಲೋಟ ಕೆಳಗಿಟ್ಟರು. "ನಾ ಅವತ್ತ ಕೇಳಿದ್ನಲ್ಲ, ಏನು ಬದಲಾತು ಅಂತ. ಉತ್ತರ ಕೊಡದ ಹೋದಿ."

ತುಂಗಾಳ ಮನಸ್ಸಿನಲ್ಲಿ ಬೇರೊಂದು ಮಾತು ತಯಾರಾಗಿತ್ತು. ಮಧ್ಯಾಹ್ನವೇ ನಗರಸಭೆಯಿಂದ ಫೋನ್ ಬಂದಿತ್ತು: ಜನರ ಕೈಗೆ ಸ್ವಿಚ್ಚು ಕೊಟ್ಟರೆ ಹೀಗೇ ಆಗುವುದು, ಮುದುಕರು, ಕಣ್ಣಿಲ್ಲದವರು ಇರುವ ಮನೆಗಳ ಸ್ವಿಚ್ಚನ್ನಾದರೂ ಗಾಳಿಮನೆಯಿಂದಲೇ ನಡೆಸೋಣ, ನೀವು ಒಪ್ಪಿದರೆ ಕಾನೂನು ತಿದ್ದಿಸುತ್ತೇವೆ, ಎಂದು. ಆಗ ತುಂಗಾ ಹೂಂ ಎಂದೇ ಹೇಳಬೇಕೆಂದಿದ್ದಳು. ಆ ಮಧ್ಯಾಹ್ನ ಕಂಡದ್ದನ್ನು ಇನ್ನೊಮ್ಮೆ ಕಾಣುವ ಧೈರ್ಯ ಅವಳಲ್ಲಿರಲಿಲ್ಲ. ಅದನ್ನೇ ಅತ್ತೆಗೆ ಹೇಳಿದಳು.

"ನಿಮಗ ತ್ರಾಸ ಇರೋದಿಲ್ರಿ. ನಾನ ಅಲ್ಲಿಂದ ಹಾಕ್ತೀನಿ."

ಹಂಪಮ್ಮನವರು ರೇಗಲಿಲ್ಲ. "ಜರಡಿ ತೊಳೆಯೋರ ಮುಷ್ಕರದಾಗ ನಾನೂ ಇದ್ದೆ" ಎಂದರು. "ನಿನ್ನ ಗಂಡ ಎದೀ ಹಾಲು ಕುಡಿಯೋ ಕೂಸು. ಗಾಳಿ ನಿಂತಾಗ ಅವನ ಬಾಯಿಗೆ ಬಾಯಿಟ್ಟು ಊದಿದಾಕಿ ನಾನು. ಅವತ್ತ ಸ್ವಿಚ್ಚು ಇತ್ತು, ಕಣ್ಣೂ ಇದ್ದುವು, ಆದ್ರ ಸ್ವಿಚ್ಚು ನನ್ನ ಮನ್ಯಾಗ ಇರಲಿಲ್ಲ. ಇವತ್ತ ಒಳ್ಳೇದಕ್ಕ ಅಂತ ನೀ ಹಾಕ್ತಿ. ನಾಳೆ ನಿನ್ನ ಕುರ್ಚ್ಯಾಗ ಯಾರು ಕುಂದರ್ತಾರ, ಬಲ್ಲೇನು? ನನಗ ಕಣ್ಣು ಹೋಗ್ಯಾವ ಹೊರತು ಕಿವಿ ಐತಿ, ಕೈ ಐತಿ, ತಲಿ ಐತಿ. ಹೇಳೋದು ಸರಿಯಾಗಿ ಹೇಳು. ಹಾಕೋದು ನಾ ಹಾಕ್ತೀನಿ."

ಮಾಳವ್ವ ಮೂಗೊರೆಸಿಕೊಂಡು, "ಹೌದು ಬಿಡ್ರಿ, ನನಗೇನು ಕಣ್ಣು ಕಾಣ್ತಿದ್ದಿಲ್ಲೇನು? ನಾನೂ ಕೆಳಗ ಅಂದೆ" ಎಂದಳು.

ಗಂಡ ಈ ಕತೆಯನ್ನು ಒಮ್ಮೆಯೂ ಹೇಳಿರಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ನಗರಸಭೆಯಲ್ಲಿ ಅವಳನ್ನು ಕೇಳಿದಾಗ, "ಜನ ತಪ್ಪು ಮಾಡಿಲ್ಲ. ಪುಟ ಅವರಿಗೆ ಏನನ್ನೂ ಹೇಳಿರಲಿಲ್ಲ. ಪುಟ ಬರೆದವಳು ನಾನು" ಎಂದಳು. ಹಾಗಾದರೆ ಕಣ್ಣಿಲ್ಲದವರ ಮನೆಗಳ ಸ್ವಿಚ್ಚು? ಎಂದು ಯಾರೋ ಕೇಳಿದರು. "ಬರೀ ಬಣ್ಣ ಇಟ್ಟು ಕೆಂದೂಳಿಯಲ್ಲಿ ಊರನ್ನೇ ಕುರುಡು ಮಾಡಿದ್ದೆ. ಈಗ ಯಾರ ಮನೆಯದು ಅಂತ ಕಿತ್ತುಕೊಳ್ಳುತ್ತೀರಿ?" ಎಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಮೂಲೆಯಲ್ಲಿ ಕೂತಿದ್ದ ಜಂಬುನಾಥ ಎದ್ದು ನಿಂತು, ಅವಳ ಮಾತಿಗೆ ತನ್ನದೂ ಸಹಮತವಿದೆ ಎಂದು ಹೇಳಿ ಕೂತ. ಕಾನೂನು ಹಾಗೇ ಉಳಿಯಿತು.

ಪುಟ ಮಾತ್ರ ಬದಲಾಯಿತು. ಆಕಾಶ ತಿಳಿಯಾಗಿದ್ದ ದಿನ ನೋಡಿ, ಓಣಿ ಓಣಿಗೂ ಡಂಗುರ ಸಾರಿಸಿ, ಗುಂಡಿಯನ್ನು ತಿರುಗಿಸಿದರು. ಇನ್ನು ಮೇಲೆ ಕೆಳಗಿದ್ದರೆ ಗಾಳಿ ಬರುತ್ತದೆ, ಮನೆಯ ಬೇರೆಲ್ಲ ಸ್ವಿಚ್ಚುಗಳ ಹಾಗೆ. ಬಣ್ಣದ ಜೊತೆಗೆ ದಪ್ಪ ಅಕ್ಷರಗಳಲ್ಲಿ ಬರಹ ಬಂತು. ಗುಂಡಿಯ ಮೈ ಗಾಳಿ ಬರುವಾಗ ಉಬ್ಬಿರುತ್ತಿತ್ತು, ನಿಂತಾಗ ನಡುವೆ ತಗ್ಗಾಗುತ್ತಿತ್ತು. ಮಾತೂ ಇತ್ತು. ಇವೆಲ್ಲವೂ ರೆಕ್ಕೆಯನ್ನು ಕೇಳಿಯೇ ಹೇಳುತ್ತಿದ್ದವು. ಬೆರಳು ಏನು ಬಯಸಿತು ಎನ್ನುವುದನ್ನಲ್ಲ, ಕೊಳವೆಯಲ್ಲಿ ನಿಜವಾಗಿ ಏನಾಯಿತು ಎನ್ನುವುದನ್ನು. ತೊಟ್ಟಿಯಿಂದ ಒಂದಿಷ್ಟು ಗಾಳಿ ಬಿಟ್ಟು ಎಲ್ಲರ ಕೈಯಲ್ಲೂ ಹಾಕಿಸಿ ನೋಡಿದರು. ಆ ಇಡೀ ದಿನ ಕೆಂಗಲ್ಲೂರಿನ ಗೋಡೆಗಳಲ್ಲಿ ತುಂಗಾಳೇ ಮಾತಾಡಿದಳು. ಸಂತೆಯಲ್ಲಿ ಎದುರಾದವರು "ಗಾಳಿ ಬರುತ್ತಿದೆ" ಎಂದು ಅವಳನ್ನು ಅಣಕಿಸಿ ನಗುತ್ತಿದ್ದರು. ಬೇರೆ ಯಾರದಾದರೂ ಇಂಪಾದ ದನಿ ಹಾಕಿಸಿ ಎಂದು ಅವಳೇ ಬೇಡಿಕೊಂಡಳು. ಜನ ಒಪ್ಪಲಿಲ್ಲ.

ಆ ಬೇಸಿಗೆಯ ಎರಡನೆಯ ಕೆಂದೂಳಿ ಮೊದಲಿನದಕ್ಕಿಂತ ಜೋರಾಗಿತ್ತು. ತುಂಗಾ ಗಾಳಿಮನೆಯಲ್ಲಿದ್ದಳು. ಪಟ್ಟಿಗಳು ಏರಿದವು. ಕಮ್ಮಾರ ಓಣಿಯೂ ಏರಿತು. ಆದರೂ ಅವಳ ಕೈ ಫೋನಿನ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಹೆದರಿಕೆ ಇನ್ನೂ ಹೋಗಿರಲಿಲ್ಲ. ಆ ಗೋಡೆಯ ಹಿಂದೆ ಏನು ನಡೆದಿದೆ ಎಂದು ತಿಳಿಯಬೇಕೆಂಬ ಆಸೆಗೆ ಮೈಯೆಲ್ಲ ಕಿವಿಯಾಗಿತ್ತು. ಆಗ ಫೋನ್ ಬಂತು. ಅತ್ತೆಯೇ.

"ತುಂಗಾ, ಹುಣಸೀಹಣ್ಣಿನ ಡಬ್ಬಿ ಎಲ್ಲಿಟ್ಟೀ?" ದನಿ ಎಂದಿನಂತೆ ಹರಿತವಾಗಿತ್ತು.

ಗಾಳಿ ಬಿಟ್ಟುಕೊಂಡಿದ್ದೀರಾ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ತುಂಗಾ ಅದನ್ನು ನುಂಗಿಕೊಂಡಳು.

"ಅಡಿಗಿಮನಿ ಮ್ಯಾಲಿನ ಹಲಗಿ ಮ್ಯಾಗ, ಉಪ್ಪಿನ ಭರಣಿ ಹಿಂದ ಐತ್ರಿ. ಈಗ್ಯಾಕ್ರಿ ಅದು?"

"ಧೂಳಿ ಇಳಿದ್ ಮ್ಯಾಲೆ ಸಾರು ಮಾಡೂಣು ಅಂತ. ಮಾಳವ್ವ ಇಲ್ಲೇ ಉಣ್ತಾಳಂತ. ನೀನೂ ಲಗೂನ ಬಾ, ಬಿಸಿದು ಉಂಡೀಯಂತ."

"ಬರ್ತೀನ್ರಿ" ಎಂದು ತುಂಗಾ ಫೋನ್ ಇಟ್ಟಳು. ಹೊರಗೆ ಕೆಂದೂಳಿ ಕಿಟಕಿಗೆ ಬಡಿಯುತ್ತಿತ್ತು. ಅವಳು ಬೆನ್ನು ಕುರ್ಚಿಗೆ ಒರಗಿಸಿ, ಕಾಲು ಚಾಚಿ, ಜಂಬುನಾಥ ಮುಂದಿಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದಳು.